ಓದುಗರ ಸ್ಪಂದನ: ಯಜಮಾನರ ಸ್ಕೂಟರ್ ನಾನು ಓಡಿಸಬಾರದೇ?

ಕಳೆದ ಸಂಚಿಕೆಯ ಸಮಸ್ಯೆ: ನನಗೆ 64 ವರ್ಷ. ಯಜಮಾನರು ತೀರಿಕೊಂಡು ವರ್ಷ ಕಳೆಯಿತು. ಅವರ ಗೇರಿಲ್ಲದ ಸ್ಕೂಟರ್ ಶೆಡ್ಡಿನಲ್ಲಿ ನಿಂತಿದೆ. ಬ್ಯಾಂಕು, ದೇವಸ್ಥಾನ, ತರಕಾರಿ ಎಲ್ಲದಕ್ಕೂ ಆಟೊ ಕಾಯಬೇಕು. ನಾನೇ ಕಲಿಯೋಣ ಅಂದರೆ ಬೆಂಗಳೂರಿನ ಮಗ "ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಜನ ನಗ್ತಾರೆ" ಎನ್ನುತ್ತಾನೆ. ಗಾಡಿ ಮಾರಿಬಿಡುತ್ತಾನಂತೆ. ಏನು ಮಾಡಲಿ?
— ತಿಪಟೂರಿನ ಓದುಗರು

ಜನ ನಗುತ್ತಾರೆ, ನಿಜ. ನಮ್ಮ ಬೀದಿಯವರೂ ನಕ್ಕರು. ಆಮೇಲೆ "ಅಕ್ಕಾ, ಪೇಟೆ ಕಡೆ ಹೋದ್ರೆ ಒಂದು ಕಟ್ಟು ಕೊತ್ತಂಬರಿ ತನ್ನಿ" ಅನ್ನತೊಡಗಿದರು. ನಾನೂ ಗಂಡ ಹೋದ ಮೇಲೆಯೇ ಕಲಿತವಳು. ಕಲಿಸಿದ್ದು ಪಕ್ಕದ ಮನೆಯ ಕಾಲೇಜು ಹುಡುಗಿ. ಬೆಳಗಿನ ಹೊತ್ತು, ಶಾಲೆ ಮೈದಾನದಲ್ಲಿ. ಗೇರಿಲ್ಲದ ಗಾಡಿಯಲ್ಲಿ ಕಷ್ಟ ಇರುವುದು ಬಲಗೈಯಲ್ಲಿ. ಹೆದರಿಕೆಯಾದಾಗ ಹಿಡಿಯನ್ನು ಗಟ್ಟಿಯಾಗಿ ಹಿಡಿದು ತಿರುಗಿಸಿಬಿಡುತ್ತೇವೆ, ಗಾಡಿ ಇನ್ನೂ ಜೋರಾಗಿ ನುಗ್ಗುತ್ತದೆ. ಹಾಗಾಗಿ ಹಿಡಿ ಸಡಿಲ ಬಿಟ್ಟು ಎರಡೂ ಬ್ರೇಕ್ ಒಟ್ಟಿಗೆ ಅದುಮುವುದನ್ನು ಮೊದಲು ರೂಢಿ ಮಾಡಿಕೊಳ್ಳಿ. ಓಡಿಸುವುದು ಆಮೇಲೆ. ನೆರಿಗೆ, ಸೆರಗು ಚಕ್ರಕ್ಕೆ ಸಿಕ್ಕಿದರೆ ಅಪಾಯ. ಚೂಡಿದಾರ್ ಹಾಕಿ. ನಮ್ಮೂರಲ್ಲಿ ಸ್ಕೂಟರಿಗಿಂತ ಜಾಸ್ತಿ ಮಾತಾಗಿದ್ದು ನನ್ನ ಚೂಡಿದಾರಿನ ಬಗ್ಗೆಯೇ! "ಗಂಡ ಹೋದ ಮೇಲೆ ರೆಕ್ಕೆ ಬಂತು" ಅಂತ ಓರಗಿತ್ತಿ ಅಂದರು. ಬರಲಿ ಬಿಡಿ, ಇಷ್ಟು ವರ್ಷ ಎಲ್ಲಿತ್ತೋ.
— ನಿವೃತ್ತ ಶಿಕ್ಷಕಿ, ಹಾಸನ

ಮಗ ಮಾರುತ್ತೇನೆ ಅಂದರೆ ಆಯಿತೇ? ಯಜಮಾನರು ಉಯಿಲು ಬರೆದಿಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೂ ಮಕ್ಕಳಷ್ಟೇ ಪಾಲು. ಮನೆಗೆ ಹೇಗೋ ಸ್ಕೂಟರಿಗೂ ಹಾಗೇ. ಆರ್‌ಟಿಒದಲ್ಲಿ ನಮೂನೆ 31 ತುಂಬಿ, ಮರಣ ಪ್ರಮಾಣಪತ್ರ ಕೊಟ್ಟು ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿ. ವರ್ಷ ಆಗಿದೆ ಅಂದಿರಿ, ತಡ ಮಾಡಬೇಡಿ. ವಿಮೆಯೂ ನಿಮ್ಮ ಹೆಸರಿಗೆ ಬರಬೇಕು, ಇಲ್ಲದಿದ್ದರೆ ಏನಾದರೂ ಆದಾಗ ಪರಿಹಾರಕ್ಕೆ ಅಲೆದಾಟ. ಆರ್‌ಸಿ ಬದಲಾವಣೆಗೆ ಸಾಮಾನ್ಯವಾಗಿ ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳುತ್ತಾರೆ. ಅದಕ್ಕೇ ಸಹಿ ಬೀಳುವವರೆಗೂ ಮಗನ ಜೊತೆ ಜಗಳ ಬೇಡ. ಹೋಳಿಗೆ ಮಾಡಿ ಹಾಕಿ.

ಲೈಸೆನ್ಸಿಗೆ ಗರಿಷ್ಠ ವಯಸ್ಸು ಅಂತ ಇಲ್ಲ. 40 ದಾಟಿದವರು ವೈದ್ಯರಿಂದ ನಮೂನೆ 1ಎ (ವೈದ್ಯಕೀಯ ಪ್ರಮಾಣಪತ್ರ) ಬರೆಸಿಕೊಂಡು ಹೋಗಬೇಕು, ಅಷ್ಟೇ. ಕಲಿಕಾ ಲೈಸೆನ್ಸ್ 6 ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಆದ ಮೇಲೆ ಪರೀಕ್ಷೆಗೆ ಹೋಗಬಹುದು. ನಿಮ್ಮ ವಯಸ್ಸಿಗೆ ಲೈಸೆನ್ಸ್ 5 ವರ್ಷಕ್ಕೆ ಕೊಡುತ್ತಾರೆ, ಮತ್ತೆ ನವೀಕರಿಸಬಹುದು. 69ಕ್ಕೆ ಮಗ ಇನ್ನೊಮ್ಮೆ ಆಕ್ಷೇಪಿಸಲಿ.
— ಡ್ರೈವಿಂಗ್ ಶಾಲೆ ನಡೆಸಿದವರು, ತುಮಕೂರು

ಎಲ್ಲರೂ ಹುರಿದುಂಬಿಸುತ್ತಾರೆ, ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ. ಮೊದಲು ಕಣ್ಣು ತೋರಿಸಿ. ಪೊರೆ ಶುರುವಾಗಿದ್ದರೆ ರಾತ್ರಿ ಎದುರು ಗಾಡಿಯ ದೀಪ ಕಣ್ಣಿಗೆ ಚೆಲ್ಲಿದಂತಾಗಿ ಮುಂದಿನ ದಾರಿಯೇ ಕಾಣುವುದಿಲ್ಲ. ಬಿ.ಪಿ. ಮಾತ್ರೆಯಿಂದ ತಲೆ ಸುತ್ತುವುದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಕತ್ತಲಾದ ಮೇಲೆ ಬೇಡ, ಹೆದ್ದಾರಿಯಂತೂ ಬೇಡವೇ ಬೇಡ. ಮಂಡಿ ನೋವಿದ್ದರೆ ಸೆಂಟರ್ ಸ್ಟ್ಯಾಂಡ್ ಹಾಕುವ ಸಾಹಸ ಬಿಟ್ಟು ಪಕ್ಕದ ಸ್ಟ್ಯಾಂಡೇ ಹಾಕಿ. ದೂರದೂರಿಗೆ ಹೇಗೂ ಶಕ್ತಿ ಯೋಜನೆಯ ಬಸ್ಸಿದೆ, 2023ರಿಂದ ಟಿಕೆಟ್ ಚಿಂತೆಯೂ ಇಲ್ಲ.
— ಓದುಗರು, ಶಿವಮೊಗ್ಗ

ನಾನು ಸೊಸೆ. ನಿಮ್ಮ ಮಗನಿಗೆ ಭಯ ಅಪಘಾತದ್ದೇ ಅಂತ ನನಗೇನೋ ಅನ್ನಿಸುವುದಿಲ್ಲ. ನಮ್ಮತ್ತೆ ಗಾಡಿ ಕಲಿತ ಮೇಲೆ ನಮ್ಮ ಮನೆಯವರಿಗೆ "ಅಮ್ಮನ್ನ ಬ್ಯಾಂಕಿಗೆ ಕರ್ಕೊಂಡು ಹೋಗ್ಬೇಕು" ಅಂತ ರಜೆ ಹಾಕುವ ನೆಪ ಹೋಯಿತು, ಪಾಪ. ಈಗ ಅತ್ತೆ ನನ್ನನ್ನೇ ಹಿಂದೆ ಕೂರಿಸಿಕೊಂಡು ಸಂತೆಗೆ ಹೊರಡುತ್ತಾರೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ, ಮಲ್ಲಿಗೆ ಮುಡಿಯುವ ಆಸೆ ಬಿಟ್ಟಿದ್ದೇನೆ. ಹಾರ್ನ್ ಮಾತ್ರ ಜಾಸ್ತಿ ಹೊಡೆಯುತ್ತಾರೆ. ಖಾಲಿ ರಸ್ತೆಯಲ್ಲೂ.
— ಓದುಗರು, ಚಿಕ್ಕಮಗಳೂರು