ಕೊಳದ ನೀರು ಪೂರ್ತಿ ಹಸಿರು: ಔಷಧ ಹಾಕದೆ ಸರಿಮಾಡುವುದು ಹೇಗೆ?

ಪ್ರಶ್ನೆ
ಹಿತ್ತಲಿನಲ್ಲಿ ಸುಮಾರು ಸಾವಿರ ಲೀಟರ್ ಹಿಡಿಯುವ ಕೊಳ ಇದೆ. ಗೋಲ್ಡ್‌ಫಿಶ್, ಒಂದು ಸಣ್ಣ ಪಂಪ್, ಅಷ್ಟೇ. ಗಿಡಗಳಿಲ್ಲ. ದಿನವಿಡೀ ಬಿಸಿಲು. ಮೀನು ಮೇಲಕ್ಕೆ ಬಂದರೆ ಮಾತ್ರ ಕಾಣುತ್ತದೆ, ಅಷ್ಟು ಹಸಿರು. ಎಲ್ಲ ಖಾಲಿ ಮಾಡಿ, ತಿಕ್ಕಿ ತೊಳೆದು ಹೊಸ ನೀರು ತುಂಬಿಸಿದರೂ ಮತ್ತೆ ಅದೇ ಕತೆ. ಬಸವನಹುಳ ಬಿಟ್ಟರೆ ಆಗುತ್ತದೆಯೇ?

ಉತ್ತರ 1
ಮೊದಲು ಒಂದು ಗಾಜಿನ ಲೋಟದಲ್ಲಿ ನೀರು ತೆಗೆದು ನೋಡಿ. ಲೋಟದ ನೀರೇ ಹಸಿರಾಗಿದ್ದರೆ ಅದು ತೇಲುವ ಸೂಕ್ಷ್ಮ ಪಾಚಿ. ಬಸವನಹುಳ ಕಲ್ಲಿಗೆ ಅಂಟಿದ್ದನ್ನು ಕೆರೆದು ತಿನ್ನುತ್ತದೆಯೇ ಹೊರತು ನೀರಿನಲ್ಲಿ ತೇಲುವುದನ್ನಲ್ಲ. ಅದನ್ನು ತಿನ್ನುವುದು ಡ್ಯಾಫ್ನಿಯಾ ಎಂಬ ಪುಟ್ಟ ನೀರು ಜೀವಿ, ಆದರೆ ಡ್ಯಾಫ್ನಿಯಾವನ್ನು ನಿಮ್ಮ ಮೀನುಗಳೇ ಮುಗಿಸಿಬಿಡುತ್ತವೆ!

ಇನ್ನು ಪೂರ್ತಿ ತೊಳೆಯುವುದು ಬೇಡ. ಗೋಡೆ, ಕಲ್ಲು, ಪಂಪಿನ ಸ್ಪಂಜಿನ ಮೇಲೆ ಒಳ್ಳೆಯ ಬ್ಯಾಕ್ಟೀರಿಯಾ ಕೂತಿರುತ್ತವೆ. ತಿಕ್ಕಿದರೆ ಅವೂ ಹೋಗುತ್ತವೆ. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಅವು ನೈಟ್ರೇಟ್ ಮಾಡುತ್ತವೆ. ಆ ನೈಟ್ರೇಟನ್ನು ಗಿಡ ತಿನ್ನಬೇಕು. ಗಿಡ ಇಲ್ಲದಿದ್ದರೆ ಪಾಚಿ ತಿನ್ನುತ್ತದೆ. ನಿಮ್ಮಲ್ಲಿ ಆಗಿರುವುದು ಇದೇ ಅಲ್ವಾ?

ಹಾಗಾಗಿ ಗಿಡ ತನ್ನಿ. ನೀರಿನ ಮೇಲ್ಮೈಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೆರಳಾಗಬೇಕು. ನೈದಿಲೆ ಚೆಂದ, ಆದರೆ ಹರಡಲು ಸಮಯ ಬೇಕು. ಅಲ್ಲಿಯವರೆಗೆ ಅಂತರಗಂಗೆ ತೇಲಬಿಡಿ. ಅದು ಬೇಗ ಬೆಳೆಯುತ್ತದೆ, ಬೇರಿನಿಂದಲೇ ನೈಟ್ರೇಟ್ ಹೀರುತ್ತದೆ. ಹೆಚ್ಚಾದದ್ದನ್ನು ಆಗಾಗ ತೆಗೆದು ಗೊಬ್ಬರಕ್ಕೆ ಹಾಕಿ. ಕೆರೆ, ಹೊಳೆಗೆ ಮಾತ್ರ ಎಸೆಯಬೇಡಿ, ಇಡೀ ನೀರನ್ನೇ ಮುಚ್ಚಿಬಿಡುತ್ತದೆ.

ಮೀನಿಗೆ ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಹತ್ತಿರ ಬಂದವು ಅಂತ ಸುಮ್ನೆ ಹಾಕುತ್ತಾ ಹೋದರೆ ಅದು ಪಾಚಿಗೆ ಹಾಕಿದಂತೆ.

ಉತ್ತರ 2
ಬಾರ್ಲಿಯ ಒಣಹುಲ್ಲೂ ಕೆಲವರಿಗೆ ಫಲ ಕೊಟ್ಟಿದೆ. ಒಂದು ಚದರ ಮೀಟರಿಗೆ 25ರಿಂದ 50 ಗ್ರಾಂ ಹುಲ್ಲನ್ನು ಬಲೆಚೀಲದಲ್ಲಿ ಸಡಿಲವಾಗಿ ತುಂಬಿ, ನೀರು ಹರಿಯುವ ಕಡೆ ಮೇಲ್ಭಾಗದಲ್ಲೇ ತೇಲುವಂತೆ ಕಟ್ಟಿ. ಅದು ಕೊಳೆಯಲು ಶುರುವಾದ ಮೇಲೆಯೇ ಕೆಲಸ. ತಣ್ಣನೆಯ ನೀರಿನಲ್ಲಿ ವಾರಗಟ್ಟಲೆ ಬೇಕು. ಹೊಸ ಪಾಚಿಯನ್ನು ತಡೆಯುತ್ತದೆ, ಇರುವುದನ್ನು ಕೊಲ್ಲುವುದಿಲ್ಲ. ನನ್ನನ್ನು ಕೇಳಿದರೆ ಗಿಡ ಮೊದಲು, ಹುಲ್ಲು ಆಮೇಲೆ.

ಪ್ರಶ್ನೆ ಕೇಳಿದವರು
ಗಿಡ ಹಾಕಿದೆ, ಆಹಾರ ಕಡಿಮೆ ಮಾಡಿದೆ. ನೀರು ತಿಳಿಯಾಗಿದೆ. ಆದರೆ ಈಗ ಕಲ್ಲಿನ ಮೇಲೆಲ್ಲ ಕೂದಲಿನ ಹಾಗೆ ಉದ್ದುದ್ದ ಪಾಚಿ! ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ರಾತ್ರಿ ಪಂಪ್ ಆಫ್ ಮಾಡುತ್ತೇನೆ, ಅದಕ್ಕೇನಾದರೂ ಸಂಬಂಧ ಇದೆಯೇ?

ಉತ್ತರ 1
ಇದೆ. ಗಿಡ, ಪಾಚಿ ಎರಡೂ ಹಗಲು ಆಮ್ಲಜನಕ ಕೊಡುತ್ತವೆ, ರಾತ್ರಿ ಬರೀ ಬಳಸುತ್ತವೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಅದು ತೀರಾ ಕಡಿಮೆ. ಇವತ್ತಿನಿಂದಲೇ ರಾತ್ರಿಯೂ ಪಂಪ್ ಓಡಲಿ, ನೀರಿನ ಮೇಲ್ಮೈ ಕದಡುತ್ತಿರಲಿ.

ನೀರು ತಿಳಿಯಾದಾಗ ಬಿಸಿಲು ತಳಕ್ಕೆ ಇಳಿಯುತ್ತದೆ, ಆಗ ಇಂಥ ಕೂದಲಿನಂಥ ಪಾಚಿ ಬರುವುದು ಮಾಮೂಲು. ಒರಟು ಕೋಲಿಗೆ ಸುತ್ತಿ ಎಳೆದು ತೆಗೆಯಿರಿ. ಸತ್ತ ಪಾಚಿ ನೀರಿನಲ್ಲೇ ಕೊಳೆತರೆ ಆಮ್ಲಜನಕ ಇನ್ನೂ ಕುಸಿಯುತ್ತದೆ, ಔಷಧ ಬೇಡ ಎನ್ನುವುದೂ ಇದಕ್ಕೇ. ತೆಗೆದದ್ದನ್ನು ಸ್ವಲ್ಪ ಹೊತ್ತು ದಂಡೆಯಲ್ಲಿ, ನೀರಿಗೆ ತಾಗಿದಂತೆ ಇಡಿ. ಸಿಕ್ಕಿಕೊಂಡ ಗೊದಮೊಟ್ಟೆಗಳಿದ್ದರೆ ವಾಪಸ್ ಇಳಿದು ಹೋಗುತ್ತವೆ.