ಸಹಾಯ ಬೇಕು: ಗ್ಲ್ಯಾಸ್ಗೋ ಕೌನ್ಸಿಲ್ ವೋಟಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ
ಎಲ್ಲರಿಗೂ ನಮಸ್ಕಾರ. 2022ರ ಮೇನಲ್ಲಿ ಇಲ್ಲಿ ಸ್ಕಾಟ್ಲೆಂಡಿನ ಗ್ಲ್ಯಾಸ್ಗೋದಲ್ಲಿ ಕೌನ್ಸಿಲ್ (ನಗರಾಡಳಿತ) ಚುನಾವಣೆ ಆದಾಗ, ನಮ್ಮ ವಾರ್ಡಿಗೆ ನಾಲ್ಕು ಸೀಟು ಅಂತ ಕೇಳಿ, ನಮ್ಮಪ್ಪ ಊರಿನ ಪಂಚಾಯ್ತಿ ವೋಟಿನ ಅಭ್ಯಾಸದಲ್ಲಿ ನಾಲ್ಕು ಹೆಸರಿನ ಮುಂದೆ ಗುಣಿಸು ಗುರುತು ಹಾಕಿ ಬಂದುಬಿಟ್ಟರು. ವೋಟು ಹಾಳಾಯಿತು. ಪಾಪ, ಮಳೆಯಲ್ಲಿ ನಡೆದುಕೊಂಡೇ ಹೋಗಿದ್ದರು.

ಸ್ಕಾಟ್ಲೆಂಡಿನ ಕೌನ್ಸಿಲ್ ಚುನಾವಣೆಯಲ್ಲಿ 2007ರಿಂದ ಇಷ್ಟದ ಕ್ರಮದಲ್ಲಿ 1, 2, 3 ಅಂತ ನಂಬರ್ ಬರೆಯಬೇಕು ಅಲ್ವಾ. ಇನ್ನೊಬ್ಬರಿಗೆ 2 ಬರೆದರೆ 1 ಬರೆದವರಿಗೆ ಏನೂ ನಷ್ಟವಿಲ್ಲ ಅಂದರೂ ಅಪ್ಪ ನಂಬುತ್ತಿಲ್ಲ. ಗೆದ್ದವರಿಗೆ ಗೆಲ್ಲಲು ಬೇಕಾದದ್ದಕ್ಕಿಂತ ಹೆಚ್ಚಾಗಿ ಬಂದ ವೋಟು ಮುಂದಿನ ನಂಬರಿನವರಿಗೆ ಹೇಗೆ ಹೋಗುತ್ತದೆ ಅಂತ ವಿವರಿಸಲು ನನಗೂ ಬರುತ್ತಿಲ್ಲ.

2027ರ ಮೇನಲ್ಲಿ ಮತ್ತೆ ಚುನಾವಣೆ. ಎಣಿಕೆ ಹತ್ತಿರದಿಂದ ನೋಡಿದವರು ಯಾರಾದರೂ ಇದ್ದರೆ, ಹಿರಿಯರಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಒಂದು ಪುಟ ಬರೆಯಲು ಕೈಜೋಡಿಸುತ್ತೀರಾ? ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಹಂಚುವ ಕೆಲಸ ನನ್ನದು.