ಸಹಾಯ ಬೇಕು: ಕಾಲ್ಕ್ರೀಸೆ ನಿಜಕ್ಕೂ ವಾರುಸ್ ಸೋತ ಜಾಗವೇ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಹೈಸ್ಕೂಲ್ ಮಕ್ಕಳಿಗೆ ಕ್ರಿ.ಶ. 9ರ ಟ್ಯೂಟೊಬರ್ಗ್ ಕಾಡಿನ ಯುದ್ಧದ ಪಾಠ ಮಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಕಥೆ ಗೊತ್ತು. ರೋಮನ್ ಸೈನ್ಯದಲ್ಲೇ ಪಳಗಿದ್ದ ಚೆರುಸ್ಕಿ ಎಂಬ ಜರ್ಮನ್ ಬುಡಕಟ್ಟಿನ ನಾಯಕ ಅರ್ಮಿನಿಯಸ್, ರೋಮನ್ ಗವರ್ನರ್ ವಾರುಸ್‌ನನ್ನು ನಂಬಿಸಿ ಕಾಡುದಾರಿ ಹಿಡಿಸಿದ. 17, 18, 19ನೇ ಲೀಜನ್‌ಗಳು (ರೋಮನ್ ಸೈನ್ಯದ ದೊಡ್ಡ ತುಕಡಿಗಳು) ನಾಶವಾದವು. ಆ ನಂಬರ್‌ಗಳನ್ನು ರೋಮನ್ನರು ಮತ್ತೆ ಬಳಸಲೇ ಇಲ್ಲ. ಓದುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಗೊಂದಲ ಇರುವುದು ಜಾಗದ ಬಗ್ಗೆ. ಜರ್ಮನಿಯ ಓಸ್ನಾಬ್ರುಕ್ ಹತ್ತಿರದ ಕಾಲ್ಕ್ರೀಸೆಯಲ್ಲಿ 1987ರಿಂದ ನಾಣ್ಯ, ಆಯುಧ ಸಿಗುತ್ತಾ ಬಂದಿವೆ. ಒಂದು ಕಬ್ಬಿಣದ ಮುಖವಾಡವೂ ಇದೆ, ಅದರ ಮೇಲಿದ್ದ ಬೆಳ್ಳಿ ತಗಡನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಕೆಲವು ನಾಣ್ಯಗಳ ಮೇಲೆ ವಾರುಸ್ ಹೆಸರಿನ ಮುದ್ರೆ ಇದೆ. ಕ್ರಿ.ಶ. 9ರ ನಂತರದ ನಾಣ್ಯ ಸಿಕ್ಕಿಲ್ಲ ಅನ್ನುವುದೇ ದೊಡ್ಡ ಸಾಕ್ಷಿಯಂತೆ.

ಆದರೆ ಕ್ರಿ.ಶ. 15ರಲ್ಲಿ ರೋಮನ್ ಸೇನಾಪತಿ ಜರ್ಮಾನಿಕಸ್ ಕೂಡ ಸೈನ್ಯ ತಂದು ಅರ್ಮಿನಿಯಸ್ ವಿರುದ್ಧ ಹೋರಾಡಿದ. ಅವನ ಸೈನಿಕರ ಚೀಲದಲ್ಲೂ ಹಳೆಯ ನಾಣ್ಯ ಇರುತ್ತಿತ್ತು, ಅಲ್ವಾ? ಅಲ್ಲಿನ ಮಣ್ಣಿನ ದಿಬ್ಬವನ್ನು ಕೆಲವರು ಜರ್ಮನ್ನರು ಹೊಂಚು ಹಾಕಿದ ಗೋಡೆ ಅಂತಾರೆ, ಇನ್ನು ಕೆಲವರು ರೋಮನ್ ಶಿಬಿರದ್ದು ಅಂತಾರೆ. ಎರಡೂ ಕಡೆಯ ಬರಹ ಓದಿದೆ. ಗೊಂದಲ ಜಾಸ್ತಿಯೇ ಆಯಿತು.

ಗುಂಡಿಗಳಲ್ಲಿ ಮನುಷ್ಯರ, ಹೇಸರಗತ್ತೆಗಳ ಮೂಳೆ ಒಟ್ಟಿಗೆ ಸಿಕ್ಕಿವೆ. ಹೂಳುವ ಮುಂಚೆ ವರ್ಷಗಟ್ಟಲೆ ಬಯಲಲ್ಲಿ ಬಿದ್ದಿದ್ದ ಮೂಳೆಗಳು. ವಾರುಸ್ ಸೈನಿಕರ ಮೂಳೆಗಳನ್ನು 15ರಲ್ಲಿ ಜರ್ಮಾನಿಕಸ್ ಬಂದು ಹೂಳಿಸಿದ ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ.

ಇತಿಹಾಸ, ಪುರಾತತ್ವ ಓದಿದವರು ದಯವಿಟ್ಟು ಹೇಳಿ: ನಾಣ್ಯ ಬಿಟ್ಟು, ಈ ಮೂಳೆಗಳಷ್ಟರಿಂದಲೇ ಇದು 15ರದ್ದಲ್ಲ, 9ರ ಯುದ್ಧ ಅಂತ ಮಕ್ಕಳಿಗೆ ಹೇಳಬಹುದೇ?